ಅನ್ನಾ ಮಗ್ದಲೇನಳ ನೋಟ್‌ಬುಕ್ಕು

ಬರ್ಲಿನ್ ನಗರದ ಸರ್ಕಾರಿ ಗ್ರಂಥಾಲಯದಲ್ಲಿ ಒಂದು ನೋಟ್‌ಬುಕ್ಕನ್ನು ಬಹಳ ಜೋಪಾನವಾಗಿ ಇಟ್ಟಿದ್ದಾರೆ. ಅದರ ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ಮೂರು ಅಕ್ಷರ, ಜೊತೆಗೆ 1725 ಎಂಬ ಇಸವಿ. ಆ ಮೂರು ಅಕ್ಷರ ಅನ್ನಾ ಮಗ್ದಲೇನ ಬಾಕ್ ಎಂಬ ಹೆಂಗಸಿನ ಹೆಸರಿನವು. ಆಕೆಯ ಗಂಡನ ಹೆಸರನ್ನು ಜಗತ್ತೆಲ್ಲ ಬಲ್ಲದು: ಯೋಹಾನ್ ಸೆಬಾಸ್ಟಿಯನ್ ಬಾಕ್. ಇವಳ ಹೆಸರು ಉಳಿದದ್ದು ಹೆಚ್ಚಾಗಿ ಈ ಪುಸ್ತಕದಿಂದ. ಇಂದಿಗೂ ಪಿಯಾನೋ ಕಲಿಯಲು ಕೂತ ಮಗು ಒಂದಲ್ಲ ಒಂದು ದಿನ ಈ ಪುಸ್ತಕದ ಯಾವುದಾದರೂ ಪುಟಕ್ಕೆ ಬಂದೇ ಬರುತ್ತದೆ, ಅದು ಯಾರ ಮನೆಯ ಪುಸ್ತಕವೆಂದು ತಿಳಿಯದೆಯೇ.

ಅನ್ನಾ ಮಗ್ದಲೇನ ಹುಟ್ಟಿದ್ದು 1701ರಲ್ಲಿ, ತುತ್ತೂರಿ ಊದುವವನ ಮಗಳಾಗಿ. ಇಪ್ಪತ್ತು ತುಂಬುವಷ್ಟರಲ್ಲಿ ಕೋಥೆನ್ ಎಂಬ ಪುಟ್ಟ ಸಂಸ್ಥಾನದ ಆಸ್ಥಾನದಲ್ಲಿ ಸಂಬಳ ಪಡೆಯುವ ಗಾಯಕಿ. 1721ರ ಡಿಸೆಂಬರಿನಲ್ಲಿ ಅದೇ ಆಸ್ಥಾನದ ಸಂಗೀತ ಮುಖ್ಯಸ್ಥ ಬಾಕ್‌ನನ್ನು ಮದುವೆಯಾದಳು. ಅವನು ಹೆಂಡತಿ ಸತ್ತವನು, ವಯಸ್ಸು ಮೂವತ್ತಾರು, ಮನೆಯಲ್ಲಿ ನಾಲ್ಕು ಮಕ್ಕಳು. ಹಿರಿಯ ಮಗಳಿಗೂ ಈ ಹೊಸ ತಾಯಿಗೂ ಅಂತರ ಬರೀ ಏಳು ವರ್ಷ! ಎರಡು ವರ್ಷದಲ್ಲಿ ಸಂಸಾರ ಲೈಪ್ಜಿಗ್‌ಗೆ ಹೋಯಿತು. ಅಲ್ಲಿನ ಚರ್ಚುಗಳಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಮೇಲಿನ ಸ್ಥಾಯಿಯ ಹಾಡನ್ನೆಲ್ಲ ಹುಡುಗರೇ ಹಾಡಬೇಕು. ಗಂಡ ವಾರವಾರವೂ ಹೊಸ ಹಾಡು ಕಟ್ಟುತ್ತಿದ್ದ ಊರಿನಲ್ಲಿ, ಕಲಿತ ಗಾಯಕಿಯಾದ ಹೆಂಡತಿ ಅದನ್ನು ಕುಳಿತು ಕೇಳಬೇಕಾಯಿತು. ಹದಿಮೂರು ಹೆತ್ತಳು, ಅವುಗಳಲ್ಲಿ ಏಳು ಎಳೆತನದಲ್ಲೇ ಹೋದವು.

ಇಷ್ಟರ ನಡುವೆ ಆಕೆ ಬರೆಯುತ್ತಿದ್ದಳು. ಗಂಡನ ಸಂಗೀತವನ್ನು ಪ್ರತಿ ಮಾಡುವ ಕೆಲಸ ಅವಳದು. ಕೈಬರಹ ಅವನದಕ್ಕೆ ಎಷ್ಟು ಹೋಲುತ್ತಿತ್ತೆಂದರೆ, ಇವಳು ಬರೆದದ್ದನ್ನು ಅವನ ಅಕ್ಷರವೆಂದೇ ಜನ ಬಹುಕಾಲ ನಂಬಿದ್ದರು. ಚೆಲ್ಲೋ ವಾದ್ಯಕ್ಕೆ ಬಾಕ್ ಬರೆದ ಆರು ಪ್ರಸಿದ್ಧ ರಚನೆಗಳ ಅವನ ಕೈಪ್ರತಿ ಕಳೆದುಹೋಗಿದೆ. ನಮಗಿರುವ ಮುಖ್ಯ ಆಧಾರ ಇವಳ ಪ್ರತಿ.

1725ರ ನೋಟ್‌ಬುಕ್ಕಿಗೆ ಬರೋಣ. ಅದು ಸಂಸಾರಸ್ಥರ ಪುಸ್ತಕ, ನಮ್ಮ ಹೆಂಗಸರ ಹಾಡಿನ ಪುಸ್ತಕದ ಹಾಗೆ. ಮೊದಲಿಗೆ ಬಾಕ್ ತನ್ನ ಕೈಯಾರೆ ಬರೆದ ಎರಡು ದೊಡ್ಡ ರಚನೆಗಳಿವೆ. ಆಮೇಲೆ ಬೇರೆ ಬೇರೆ ಕೈಬರಹ: ಕುಣಿತದ ಮಟ್ಟುಗಳು, ದೇವರ ಹಾಡುಗಳು, ಹೊಗೆಸೊಪ್ಪಿನ ಪೈಪು ಸೇದುವವನ ತತ್ತ್ವಚಿಂತನೆಯ ಹಾಡು ಒಂದು, ಮಲಮಗ ಇಮ್ಯಾನುಯೆಲ್ ಹುಡುಗನಾಗಿದ್ದಾಗ ಕಟ್ಟಿದ ಮಟ್ಟುಗಳು. ಆಗ ಮನೆಗಳಲ್ಲಿ ನುಡಿಸುತ್ತಿದ್ದುದು ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್ ಎಂಬ ವಾದ್ಯಗಳನ್ನು. ಪಿಯಾನೋ ಇಟಲಿಯಲ್ಲಿ 1700ರ ಸುಮಾರಿಗೆ ಹುಟ್ಟಿತ್ತಾದರೂ ಇವರ ಮನೆ ಬಳಕೆಗೆ ಇನ್ನೂ ಬಂದಿರಲಿಲ್ಲ.

ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಜಿ ಮೇಜರ್’ನ ಒಂದು ಮಿನ್ಯುಯೆಟ್. ಮಿನ್ಯುಯೆಟ್ ಎಂದರೆ ಮೂರು ಎಣಿಕೆಯ ಕುಣಿತ. ಇದನ್ನು ತಲೆಮಾರುಗಳ ಕಾಲ ಬಾಕ್‌ನದೆಂದೇ ಅಚ್ಚು ಹಾಕಿದರು. ಕಟ್ಟಿದವನು ಡ್ರೆಸ್ಡನ್ನಿನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂದು ಗೊತ್ತಾದದ್ದು 1970ರ ದಶಕದಲ್ಲಿ. 1965ರಲ್ಲಿ ಅಮೆರಿಕದ ಮೂವರು ಹುಡುಗಿಯರ ತಂಡ ಇದೇ ಮಟ್ಟನ್ನು ನಾಲ್ಕು ಎಣಿಕೆಗೆ ಹಿಗ್ಗಿಸಿ ಪ್ರೇಮಗೀತೆ ಮಾಡಿತು, ಅದೂ ಜನಪ್ರಿಯವಾಯಿತು. ಪಾಪ ಪೆಟ್ಸೋಲ್ಡ್! ಅವನ ಹೆಸರು ಆಗಲೂ ಯಾರ ಬಾಯಲ್ಲೂ ಬರಲಿಲ್ಲ.

ನನಗೆ ಬಹಳ ಇಷ್ಟವಾದದ್ದು ಪುಸ್ತಕದ ಕೊನೆಯ ಪುಟಗಳು. ಅಲ್ಲಿ ಹಾಡಿಲ್ಲ, ಕುಣಿತವಿಲ್ಲ. ಅನ್ನಾ ಮಗ್ದಲೇನ ತನ್ನ ಅಕ್ಷರದಲ್ಲಿ ಹದಿನೈದು ನಿಯಮಗಳನ್ನು ಬರೆದಿಟ್ಟಿದ್ದಾಳೆ, ಕಾರ್ಡ್ ಕಟ್ಟುವ ನಿಯಮಗಳು. (ಅಂಚೆ ಕಾರ್ಡಲ್ಲ, ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತಿದಾಗ ಹುಟ್ಟುವ ಗೊಂಚಲಿಗೆ ಅವರು ಕಾರ್ಡ್ ಎನ್ನುತ್ತಾರೆ.) ಆ ಕಾಲದಲ್ಲಿ ಎಡಗೈಗೆ ಕೆಳಸ್ವರವೊಂದನ್ನು ಬರೆದು, ಅದಕ್ಕೆ ಅಂಕಿ ಹಾಕಿಬಿಡುತ್ತಿದ್ದರು. ಅಂಕಿ ನೋಡಿ ಉಳಿದ ಸ್ವರಗಳನ್ನು ನುಡಿಸುವವರೇ ತುಂಬಿಕೊಳ್ಳಬೇಕು. ಅಂಕಿ ಇಲ್ಲದಿದ್ದರೆ ಆ ಸ್ವರದಿಂದ ಮೂರನೆಯದು, ಐದನೆಯದು. ಆರು ಎಂದಿದ್ದರೆ ಮೂರನೆಯದು, ಆರನೆಯದು. ಒಗ್ಗರಣೆಗೆ ‘ಸಾಸಿವೆ ಇತ್ಯಾದಿ’ ಎಂದು ಬರೆದರೆ ಸಾಕು, ಇತ್ಯಾದಿ ಏನೆಂದು ನಮಗೆ ಗೊತ್ತಿರುತ್ತದಲ್ಲ, ಹಾಗೆ. ನಿಯಮಗಳ ಕೊನೆಗೆ, ಮಿಕ್ಕ ಎಚ್ಚರಿಕೆಗಳನ್ನು ಬರೆಯುವುದಕ್ಕಿಂತ ಬಾಯಲ್ಲಿ ಹೇಳಿಕೊಡುವುದೇ ಸರಿ ಎಂಬ ಅರ್ಥದ ಮಾತಿದೆ. ನಮ್ಮ ಪಾಠದ ಮೇಷ್ಟ್ರುಗಳು ಕೇಳಿದ್ದರೆ ತಲೆದೂಗುತ್ತಿದ್ದರು.

ಈ ನಿಯಮಗಳಿಗೂ ಆ ಮಿನ್ಯುಯೆಟ್‌ಗೂ ಇರುವ ನಂಟು ನನಗೆ ಹೊಳೆದದ್ದು ಪಕ್ಕದ ಮನೆಯ ಹುಡುಗಿಯಿಂದ. ಅವಳು ಕೀಬೋರ್ಡಿನ ಪರೀಕ್ಷೆಗೆ ಅದನ್ನೇ ಅಭ್ಯಾಸ ಮಾಡುತ್ತಿದ್ದಳು. ದಿನಾ ಸಂಜೆ ಗೋಡೆಯಾಚೆಯಿಂದ ಕೇಳುತ್ತಿತ್ತು. ದಿನಾ ಒಂದೇ ಜಾಗದಲ್ಲಿ ಬಂಡಿ ನಿಲ್ಲುತ್ತಿತ್ತು. ಒಂದು ದಿನ ನಾನೇ ಹೋಗಿ ಕೇಳಿದೆ.

“ಇಲ್ಲಿ ಇನ್ನೊಂದು ಕರಿ ಮನೆ ಬರುತ್ತೆ ಆಂಟಿ, ಯಾಕೆ ಬರುತ್ತೋ ಗೊತ್ತಿಲ್ಲ. ಅದಕ್ಕೇ ಮರೆತುಹೋಗುತ್ತೆ” ಅಂದಳು.

ನಾನು ಕಲಿತದ್ದು ನಮ್ಮ ಸಂಗೀತ. ಆದರೆ ಸರಳೆ ವರಸೆ ಕಲಿತವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ‘ಜಿ ಮೇಜರ್’ ಎಂದರೆ ಜಿ ಎಂಬ ಮನೆಯನ್ನು ಷಡ್ಜ ಮಾಡಿಕೊಳ್ಳುವುದು. ಹೆಂಗಸರು ಹಾಡುವ ಐದು ಮನೆ ಶ್ರುತಿ ಅದೇ. ಸ್ವರಸ್ಥಾನಗಳು ಶಂಕರಾಭರಣದವು, ಗಮಕ ಬಿಟ್ಟು. ನಿಷಾದಕ್ಕೆ ಒಂದು ಕರಿ ಮನೆ, ಉಳಿದೆಲ್ಲ ಬಿಳಿ. ಇದು ‘ಕೀ’. ಇನ್ನು ಕಾರ್ಡು. ಜಿ ಕಾರ್ಡೆಂದರೆ ಸ ಗ ಪ. ಸಿ ಕಾರ್ಡೆಂದರೆ ಮ ದ ಸ. ಡಿ ಕಾರ್ಡೆಂದರೆ ಪ ನಿ ರಿ. ಒಂದು ಬಿಟ್ಟು ಒಂದು ಆರಿಸಿದ್ದು, ಅಷ್ಟೆ. ಈ ಮೂರರಲ್ಲಿ ಏಳು ಸ್ವರವೂ ಬಂದುಬಿಟ್ಟವು, ನೋಡಿ. ಸ ಗ ಪ ಮನೆಯ ಒಳಕೋಣೆ; ಪ ನಿ ರಿ ನುಡಿಸಿದರೆ ಕಿವಿ ಮನೆಗೆ ವಾಪಸಾಗಲು ಹಟ ಮಾಡುತ್ತದೆ, ಏಕೆಂದರೆ ಅದರಲ್ಲಿರುವ ನಿಷಾದ ಷಡ್ಜದ ಹೊಸ್ತಿಲಲ್ಲೇ ನಿಂತಿದೆ.

ಮಿನ್ಯುಯೆಟ್‌ನ ಮೊದಲ ಆವರ್ತದಲ್ಲಿ ಎಡಗೈ ಸ ಗ ಪ ಹಿಡಿಯುತ್ತದೆ. ಬಲಗೈ ಪಂಚಮದಲ್ಲಿ ಹೊರಟು, ಷಡ್ಜಕ್ಕಿಳಿದು, ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಪಂಚಮಕ್ಕೆ ಏರುತ್ತದೆ. ದಾರಿಯಲ್ಲಿ ಸಿಗುವ ಸ, ಗ ಮನೆಯವರು. ರಿ, ಮ ದಾರಿಹೋಕರು. ಇದು ಗೊತ್ತಾದ ಮೇಲೆ ಬೆರಳು ಒಂದೊಂದೇ ಸ್ವರವನ್ನು ತಡಕಬೇಕಾಗಿಲ್ಲ, ಗೊಂಚಲೇ ಕೈಗೆ ಸಿಗುತ್ತದೆ. ಮೂರನೆಯ ಆವರ್ತದಲ್ಲಿ ಮ ದ ಸ, ನಾಲ್ಕರಲ್ಲಿ ಮತ್ತೆ ಸ ಗ ಪ.

ಒಟ್ಟು ಮೂವತ್ತೆರಡು ಆವರ್ತ, ಅರ್ಧರ್ಧದ ಎರಡು ಭಾಗ. ಹುಡುಗಿ ಎಡವುತ್ತಿದ್ದುದು ಎರಡನೆಯ ಭಾಗದ ನಾಲ್ಕನೆಯ ಆವರ್ತದಲ್ಲಿ. ಅಲ್ಲಿ ಸಿ ಎಂಬ ಬಿಳಿ ಮನೆಯ ಬದಲು ಅದರ ಪಕ್ಕದ ಕರಿ ಮನೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಶುದ್ಧ ಮಧ್ಯಮ ಹೋಗಿ ಪ್ರತಿ ಮಧ್ಯಮ ಬಂತು. ಶಂಕರಾಭರಣ ಕಲ್ಯಾಣಿಯಾಯಿತೆ? ಆಗಲಿಲ್ಲ. ಅವರ ಸಂಗೀತದ ಚಮತ್ಕಾರ ಇರುವುದೇ ಇಲ್ಲಿ. ನಮ್ಮಲ್ಲಿ ಹಾಡು ಮುಗಿಯುವವರೆಗೂ ತಂಬೂರಿಯ ಷಡ್ಜ ಅಲ್ಲಾಡುವುದಿಲ್ಲ. ಅವರಲ್ಲಿ ಷಡ್ಜವೇ ಎದ್ದು ಬೇರೆ ಮನೆಗೆ ಹೋಗಬಲ್ಲದು! ಇಲ್ಲಿ ಡಿ, ಅಂದರೆ ಹಳೆಯ ಪಂಚಮ, ಹೊಸ ಷಡ್ಜವಾಗುತ್ತಿದೆ. ಆ ಕರಿ ಮನೆ ಮಧ್ಯಮವಲ್ಲವೇ ಅಲ್ಲ, ಹೊಸ ಷಡ್ಜದ ಹೊಸ್ತಿಲಲ್ಲಿ ನಿಂತ ನಿಷಾದ. ಎಂಟನೆಯ ಆವರ್ತದಲ್ಲಿ ಮಟ್ಟು ಡಿ ಮೇಲೆ ಬಂದು ನೆಮ್ಮದಿಯಾಗಿ ಕೂರುತ್ತದೆ. ನೆಂಟರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದಷ್ಟು ಹೊತ್ತು; ಸ್ವಲ್ಪದರಲ್ಲೇ ಬಿಳಿ ಸಿ ಮರಳಿ ಬರುತ್ತದೆ, ಕಡೆಗೆ ಹಳೆಯ ಷಡ್ಜದಲ್ಲಿ ಮುಗಿತಾಯ.

ಇದನ್ನೆಲ್ಲ ಅವಳಿಗೆ ಹಾಡಿ ತೋರಿಸಿದೆ. ಮೊದಲು ಜಿ ಹಿಡಿದುಕೊಂಡು, ಆಮೇಲೆ ಡಿ ಹಿಡಿದುಕೊಂಡು, ಅದೇ ಕರಿ ಮನೆಯನ್ನು ಎರಡು ಸಲ ಒತ್ತಿ ಕೇಳು ಅಂದೆ. ಮೊದಲ ಸಲ ಮುಖ ಸಿಂಡರಿಸಿದಳು, ಎರಡನೆಯ ಸಲ “ಓ!” ಅಂದಳು. ಬಲಗೈಯನ್ನು ಎರಡು ದಿನ ಮುಟ್ಟಬೇಡವೆಂದೆ. ಪೆನ್ಸಿಲಿನಲ್ಲಿ ಪ್ರತಿ ಆವರ್ತದ ಮೇಲೂ ಕಾರ್ಡಿನ ಹೆಸರು ಬರೆದುಕೊಂಡು, ಗೊಂಚಲಾಗಿಯೇ ನಿಧಾನಕ್ಕೆ ಒತ್ತುತ್ತಾ ಹೋದಳು. ಮೂರನೆಯ ಸಂಜೆ ಎರಡು ಕೈ ಸೇರಿಸಿದಾಗ ಬಂಡಿ ನಿಲ್ಲಲಿಲ್ಲ.

ಅನ್ನಾ ಮಗ್ದಲೇನಳಿಗೆ ಇದೆಲ್ಲ ಅಡುಗೆಯಷ್ಟೇ ಸಲೀಸಾಗಿತ್ತೆಂದು ಕಾಣುತ್ತದೆ. ಆದರೆ ಅವಳ ವಿದ್ಯೆ ಕೊನೆಗಾಲಕ್ಕೆ ಅನ್ನ ಕೊಡಲಿಲ್ಲ. 1750ರಲ್ಲಿ ಬಾಕ್ ಉಯಿಲು ಬರೆಯದೆ ತೀರಿಕೊಂಡ. ಆಸ್ತಿಯಲ್ಲಿ ಮೂರನೆಯ ಒಂದು ಭಾಗ ವಿಧವೆಗೆ, ಉಳಿದದ್ದು ಒಂಬತ್ತು ಮಕ್ಕಳಿಗೆ. ಹತ್ತು ವರ್ಷ ಆಕೆ ಊರವರ ನೆರವಿನಲ್ಲಿ ಬದುಕಿದಳು. 1760ರಲ್ಲಿ ಸತ್ತಾಗ ದಾಖಲೆಯಲ್ಲಿ ಬರೆದದ್ದು ಭಿಕ್ಷಾನ್ನದ ಹೆಂಗಸು ಎಂದು. ಹೆಸರಾಂತ ಮಲಮಕ್ಕಳು ಏನು ಮಾಡುತ್ತಿದ್ದರೋ!

ಜಿ ಮೇಜರಿನ ಮಿನ್ಯುಯೆಟ್ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಅದರ ಜೋಡಿ ಇದೆ. ಪೆಟ್ಸೋಲ್ಡ್‌ನದೇ, ಷಡ್ಜವೂ ಅದೇ ಜಿ; ಆದರೆ ಅದು ಮೈನರ್. ಗಾಂಧಾರ ಅರ್ಧ ಮೆಟ್ಟಿಲು ಕೆಳಗಿಳಿದು ಸಾಧಾರಣವಾಗುತ್ತದೆ, ಅಷ್ಟಕ್ಕೇ ಕುಣಿತದ ಮುಖ ಬಾಡಿದಂತೆ ಕೇಳುತ್ತದೆ. ಪಕ್ಕದ ಮನೆಯ ಹುಡುಗಿ ಈಗ ಅದನ್ನು ಎತ್ತಿಕೊಂಡಿದ್ದಾಳೆ. ಪರೀಕ್ಷೆಗೆ ಅದು ಇಲ್ಲ. ನಿನ್ನೆ ಎಡಗೈ ಮಾತ್ರ ಕೇಳುತ್ತಿತ್ತು.