ಪದ ಪರಿಚಯ: ಅರೊಮ್ಯಾಂಟಿಕ್

ಪ್ರಣಯದ ಸೆಳೆತ ಹುಟ್ಟದ, ಇಲ್ಲವೇ ತೀರಾ ವಿರಳವಾಗಿ ಹುಟ್ಟುವ ಮನಸ್ಸಿನವರನ್ನು ಇಂಗ್ಲಿಷಿನಲ್ಲಿ ಅರೊಮ್ಯಾಂಟಿಕ್ ಎನ್ನುತ್ತಾರೆ. ಮೊದಲಕ್ಷರ ಗ್ರೀಕಿನ ನಿಷೇಧಾರ್ಥಕ. ಅದು ನಮಗೆ ಪರಕೀಯವಲ್ಲ: ಅಶಾಂತಿ, ಅಜ್ಞಾನಗಳಲ್ಲಿರುವ ಸಂಸ್ಕೃತದ ‘ಅ’ಕಾರವೂ ಅದೂ ಒಂದೇ ಮೂಲದವು. ಸ್ವರದ ಮುಂದೆ ಎರಡೂ ‘ಅನ್’ ಆಗುತ್ತವೆ. ಅನಂತ, ಅನಾದಿಗಳನ್ನು ನೆನೆಯಿರಿ. ಉಳಿದ ಭಾಗದ ಕಥೆ ಇನ್ನೂ ಸೊಗಸು. ಹಳೆಯ ಫ್ರೆಂಚಿನಲ್ಲಿ ರೊಮಾನ್ಸ್ ಎಂದರೆ ಲ್ಯಾಟಿನ್ ಅಲ್ಲದ ಆಡುನುಡಿ. ಆಮೇಲೆ ಆ ನುಡಿಯಲ್ಲಿ ಬರೆದ ವೀರರ ಕಥೆ. ಬಹಳ ತಡವಾಗಿ ಪ್ರೇಮ.

ಇದರ ಜೊತೆಗಿನ ಇನ್ನೊಂದು ಪದವೂ ಇದೆ: ಲೈಂಗಿಕ ಸೆಳೆತವಿಲ್ಲದವರು ಅಸೆಕ್ಷುಯಲ್, ಬಳಕೆಯಲ್ಲಿ ‘ಏಸ್’. ಇಸ್ಪೀಟಿನ ಎಕ್ಕಕ್ಕೂ ಅದೇ ಹೆಸರಾದ್ದರಿಂದ ಎಕ್ಕದ ಎಲೆ ಈ ಸಮುದಾಯದ ಗುರುತಾಯಿತು. ಅರೊಮ್ಯಾಂಟಿಕ್, ಅಸೆಕ್ಷುಯಲ್ ಸ್ವಭಾವಗಳೆರಡೂ ಒಬ್ಬರಲ್ಲೇ ಇರಬಹುದು, ಒಂದೇ ಇರಲೂಬಹುದು.

ಹದಿಹರೆಯದ ಓದುಗರಿಗೆ ಈ ಪದಗಳನ್ನು ತಲುಪಿಸಿದ ಕಾದಂಬರಿಗಳಲ್ಲಿ 2020ರಲ್ಲಿ ಬಂದ ಆಲಿಸ್ ಓಸ್‌ಮನ್ ಅವರ ‘ಲವ್‌ಲೆಸ್’ ಮುಖ್ಯವಾದದ್ದು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಕ್ಕೆ ಸೇರಿದ ಜಾರ್ಜಿಯಾಗೆ ಪ್ರೇಮಕಥೆಗಳೆಂದರೆ ಪ್ರಾಣ. ತನಗೆ ಮಾತ್ರ ಯಾರ ಮೇಲೂ ಮನಸ್ಸಾಗದೇಕೆ ಎಂದು ಕೊರಗುತ್ತಾಳೆ. ಪದ ಸಿಕ್ಕ ತಕ್ಷಣ ಅವಳ ನೋವು ಮುಗಿಯುವುದಿಲ್ಲ. ಕಾದಂಬರಿಯ ಪ್ರಾಮಾಣಿಕತೆ ಇರುವುದು ಅಲ್ಲೇ. ಗೆಳೆತನವೂ ಬಾಳಿನ ದೊಡ್ಡ ಪ್ರೀತಿಯಾಗಬಲ್ಲದೆಂಬುದು ಅವಳಿಗೆ ನಿಧಾನವಾಗಿ ಕಾಣುತ್ತದೆ.

ಈ ಪದಗಳನ್ನು ಕನ್ನಡಕ್ಕೆ ತರುವಾಗ ‘ಬ್ರಹ್ಮಚಾರಿ’ ಸಲ್ಲದು. ಬ್ರಹ್ಮಚರ್ಯ ವ್ರತ, ಇದು ಸ್ವಭಾವ. ‘ಅಲೈಂಗಿಕ’ ಎಂದೊಡನೆ ಜೀವಶಾಸ್ತ್ರದ ಸಂತಾನೋತ್ಪತ್ತಿಯ ಪಾಠ ನೆನಪಾಗುತ್ತದೆ. ನಮ್ಮ ಹದಿಹರೆಯದವರಿಗಾಗಿ ಬರೆಯುವವರು ಸದ್ಯಕ್ಕೆ ಮೂಲಪದವನ್ನೇ ಬಳಸಲಿ. ಇಂಥವರನ್ನು ಕಲ್ಲುಮನಸ್ಸಿನವರೆಂದು ಮಾತ್ರ ದಯವಿಟ್ಟು ಬರೆಯದಿರಲಿ.