ಮುಷ್ಟಿಯಲ್ಲಿ ಹುಟ್ಟಿದ ಹದ

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯಲ್ಲಿ ಬಸ್ಸಿಗೆ ಕಾಯುವ ಜನ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಉರ್ದುವಿನಲ್ಲಿ ಮುಗಿಸುತ್ತಾರೆ. ನಡುವೆ ತೆಲುಗು, ಮರಾಠಿಗಳೂ ಬಂದು ಹೋಗುತ್ತವೆ. ಅಲ್ಲಿ ಈಚೆಗೆ ಕಿವಿಗೆ ಬಿದ್ದ ಅತ್ತೆ–ಸೊಸೆಯರ ಮಾತೊಂದು ಈ ವಾರದ ಅಂಕಣಕ್ಕೆ ಕಾರಣ. ಸೊಸೆ ಫೋನಿನಲ್ಲಿ ಶೇಂಗಾ ಉಂಡಿ ಮಾಡುವ ವಿಡಿಯೊ ನೋಡುತ್ತಿದ್ದಳು. ಬೆಲ್ಲದ ಪಾಕದ ‘ಕನ್ಸಿಸ್ಟೆನ್ಸಿ ಪರ್ಫೆಕ್ಟ್ ಆಗಿರಬೇಕು’ ಎಂದು ವಿಡಿಯೊದವರು ಹೇಳಿದರು.

“ಏನಂತದ ಅದು?” ಎಂದು ಅತ್ತೆ ಕೇಳಿದರು.

“ಪಾಕ ಗಟ್ಟಿ ಇರಬೇಕಂತ ಅತ್ತಿ.”

“ಗಟ್ಟಿ ಬ್ಯಾರೆ, ಹದ ಬ್ಯಾರೆ. ಗಟ್ಟಿ ಆದ್ರ ಉಂಡಿ ಕಲ್ಲಾಗ್ತದ.”

ಆ ಹಿರಿಯ ಹೆಂಗಸು ಒಂದೇ ಮಾತಿನಲ್ಲಿ ಹೇಳಿದ್ದನ್ನು ನಿಘಂಟುಗಳು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಗಟ್ಟಿ, ತೆಳು, ಮೆದು, ಬಿರುಸು ಎಂಬವು ವಸ್ತುವಿನ ಗುಣಗಳು. ಹದ ಎಂಬುದು ಗುಣಕ್ಕಿಂತ ಹೆಚ್ಚಾಗಿ ಒಂದು ಗಳಿಗೆ. ಅದರ ಜತೆ ಕನ್ನಡಿಗರು ಯಾವ ಕ್ರಿಯಾಪದ ಹಚ್ಚುತ್ತಾರೆ ಎಂದು ನೋಡಿದರೆ ಸಾಕು. ಹದ ಬರುತ್ತದೆ, ಹದ ಮೀರುತ್ತದೆ, ಹದ ತಪ್ಪುತ್ತದೆ, ಹದ ಕೆಡುತ್ತದೆ. ಮಾಡುವವರು ಹದ ನೋಡಬೇಕು, ಹದ ಕಾಯಬೇಕು, ಹದ ಹಿಡಿಯಬೇಕು. ಬಂದು ಹೋಗುವ ಸ್ವಭಾವವಿರುವ ಇಂಥ ಪದದ ಜಾಗದಲ್ಲಿ ಕನ್ಸಿಸ್ಟೆನ್ಸಿಯನ್ನು ತಂದು ಕೂರಿಸಿದರೆ ಪಾಕ ಎಷ್ಟು ದಪ್ಪಗಿದೆ ಎಂದು ತಿಳಿದೀತು, ಯಾವಾಗ ಒಲೆಯಿಂದ ಇಳಿಸಬೇಕು ಎಂದು ತಿಳಿಯದು.

ಅಡುಗೆಯ ವಿಡಿಯೊಗಳು ಈ ಪದವನ್ನು ಕೈಬಿಟ್ಟ ಹೊತ್ತಿಗೇ ಪತ್ರಿಕೆಗಳು ಅದರ ಮುರಿದ ಅರ್ಧವನ್ನು ಮಾತ್ರ ಹಿಡಿದುಕೊಂಡಿವೆ. ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ, ಪರಿಸ್ಥಿತಿ ಹದಗೆಟ್ಟಿದೆ, ಎರಡು ದೇಶಗಳ ಸಂಬಂಧ ಹದಗೆಟ್ಟಿದೆ. ಕೆಟ್ಟದ್ದು ಸುದ್ದಿಯಾಗುತ್ತದೆ, ನಿಜ. ಆದರೆ ರಸ್ತೆ ದುರಸ್ತಿಯಾದಾಗ ‘ರಸ್ತೆ ಹದಕ್ಕೆ ಬಂತು’ ಎಂದು ಯಾರೂ ಬರೆಯುವುದಿಲ್ಲ, ರೋಗಿ ಚೇತರಿಸಿಕೊಂಡಾಗ ‘ಮೈ ಹದಕ್ಕೆ ಬಂತು’ ಎನ್ನುವುದಿಲ್ಲ. ಮುಂಗಾರಿನಲ್ಲಿ ಮಾತ್ರ ‘ಹದ ಮಳೆ’ ಎಂಬ ತಲೆಬರಹ ಆಗೀಗ ಕಾಣುತ್ತದೆ. ಅದನ್ನು ಬರೆದ ವರದಿಗಾರರಿಗೆ ಈ ಅಂಕಣದ ನಮಸ್ಕಾರ ಸಲ್ಲುತ್ತದೆ.

ಪದದ ಹಳೆಯ ಜಾಡು ಗೊತ್ತಿರುವಂಥದ್ದೇ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ‘ಪದ’ ಹದವಾಯಿತು. ತಮಿಳರು ಇಂದಿಗೂ ಸಕ್ಕರೆ ಪಾಕವನ್ನು ‘ಒರು ಕಂಬಿ ಪದಂ’ ಎಂದು ಎಳೆ ಲೆಕ್ಕದಲ್ಲೇ ಅಳೆಯುತ್ತಾರೆ. ತೆಲುಗಿನಲ್ಲಿ ‘ಪದನು’ ಎಂದರೆ ಕಬ್ಬಿಣಕ್ಕೆ ಕೊಡುವ ಕಾವೂ ಹೌದು, ಉಳುಮೆಗೆ ಒದಗುವ ನೆಲದ ಪಸೆಯೂ ಹೌದು. ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಜಹೀರಾಬಾದಿನ ಸೀಮೆಯಲ್ಲಿ ಆ ಪದ ಬಳಕೆಯಲ್ಲಿದೆ. ಕುಮಾರವ್ಯಾಸನ ಕಾಲಕ್ಕೆ ‘ಹದನ’ ಎಂದರೆ ಸಂಗತಿ, ಸ್ಥಿತಿ. ಕ್ಷೇಮ ಎಂಬ ಅರ್ಥದ ‘ಹದುಳ’ವೂ ಇದೇ ಮನೆಯ ಕೂಸು ಎಂಬುದು ಈ ಅಂಕಣದ ಬಲವಾದ ನಂಬಿಕೆ. ಮನೆಯೊಳಗಿನ ಎಲ್ಲವೂ ಹದದಲ್ಲಿದ್ದರೆ ಅದೇ ಕ್ಷೇಮ.

ಇನ್ನು ವಾದಕ್ಕೆ ಬರಬೇಕು. ಹದ ಅಡುಗೆಮನೆಯಲ್ಲಿ ಹುಟ್ಟಿ ಹೊಲಕ್ಕೆ ಹೋಗಲಿಲ್ಲ. ಹೊಲದಲ್ಲಿ ಹುಟ್ಟಿ, ರೈತನ ಮುಷ್ಟಿಯಲ್ಲಿ ಕೂತು ಅಡುಗೆಮನೆಗೆ ಬಂತು. ಇದಕ್ಕೆ ಸಾಕ್ಷಿ ಒಂದು ಗಾದೆ: ‘ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು.’

ಈ ಗಾದೆಯನ್ನು ಕಾಲಕ್ಕೆ ತಕ್ಕ ಕೆಲಸ ಮಾಡಬೇಕು ಎಂಬ ನೀತಿಯಾಗಿ ಶಾಲೆಯಲ್ಲಿ ಓದಿಸಿ ಮುಗಿಸಿಬಿಡುತ್ತಾರೆ. ಅದರ ಒಳಗೆ ಎಷ್ಟೊಂದು ಬೇಸಾಯವಿದೆ ಎಂದು ಹೇಳುವವರು ಕಡಿಮೆ. ಹರಗುವುದು ಎಂದರೆ ಕುಂಟೆ ಹೊಡೆಯುವುದು. ಕುಂಟೆಯ ಅಲಗು ನೆಲದ ಮೇಲ್ಪದರದ ಅಡಿಯಲ್ಲೇ ಸರಿದು ಕಸದ ಬೇರು ಕೊಯ್ಯುತ್ತದೆ, ಬಿರುಕು ಮುಚ್ಚುತ್ತದೆ, ಒಳಗಿನ ಪಸೆ ಆರದಂತೆ ಮೇಲೆ ಸಡಿಲ ಮಣ್ಣಿನ ಹೊದಿಕೆ ಹಾಸುತ್ತದೆ. ಹಿಂಗಾರಿ ಜೋಳದ ಕಪ್ಪು ನೆಲವನ್ನು ಮುಂಗಾರಿನುದ್ದಕ್ಕೂ ಹೀಗೆ ಹರಗಿ ಹರಗಿ ಇಟ್ಟುಕೊಂಡು, ಸೆಪ್ಟೆಂಬರ್–ಅಕ್ಟೋಬರಿನ ಉತ್ತರಿ, ಹಸ್ತಿ ಮಳೆಗಳ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬರಲಿ ಬಿಡಲಿ, ನೆಲದೊಳಗೆ ಕೂಡಿಟ್ಟ ಪಸೆಯ ಮೇಲೆಯೇ ಬೆಳೆ ಬಹುಮಟ್ಟಿಗೆ ನಿಲ್ಲಬೇಕು. ಆದ್ದರಿಂದ ಹರಗುವ ದಿನ ತಪ್ಪಿದರೆ ಇಡೀ ವರ್ಷದ ರೊಟ್ಟಿಗೆ ಕುತ್ತು. ಕಪ್ಪು ಮಣ್ಣಿನ ಸ್ವಭಾವವೂ ಅಂಥದ್ದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಎರಡು ದಿನ ಮುಂಚೆ ಹೋದರೆ ಅಲಗಿಗೆ ಕೆಸರು ಮೆತ್ತಿಕೊಂಡು ಕುಂಟೆ ಮುಂದೆ ಸಾಗುವುದಿಲ್ಲ, ಎರಡು ದಿನ ತಡವಾದರೆ ಕಲ್ಲಿನಂಥ ಹೆಂಟೆ ಏಳುತ್ತವೆ. ನಡುವೆ ಸಿಗುವ ಅಷ್ಟು ಕಿರಿದಾದ ಕಿಂಡಿಗೆ ಕನ್ನಡಿಗ ಇಟ್ಟ ಹೆಸರು ಹದ.

ಗಾದೆಯ ಎರಡನೆಯ ಅರ್ಧದಲ್ಲಿ ಬೆದೆ ಬರುತ್ತದೆ. ಹಸು, ಎಮ್ಮೆ ಗರ್ಭ ಕಟ್ಟಲು ಸಿದ್ಧವಾದಾಗ ಬೆದೆಗೆ ಬಂತು ಎನ್ನುತ್ತೇವೆ. ಬೀಜ ಹಿಡಿಯಲು ಸಿದ್ಧವಾದ ನೆಲಕ್ಕೂ ಅದೇ ಮಾತು. ಗಾದೆ ಕಟ್ಟಿದವರು ಹರಗುವುದಕ್ಕೆ ಒಂದು ಪದ, ಬಿತ್ತುವುದಕ್ಕೆ ಇನ್ನೊಂದು ಪದ ಇಟ್ಟದ್ದು ಪ್ರಾಸಕ್ಕಾಗಿ ಅಲ್ಲ. ಬೆದೆ ನೆಲದ ಸ್ವಂತದ್ದು, ಅದರಲ್ಲಿ ಮನುಷ್ಯನ ಕೈವಾಡವಿಲ್ಲ. ಹದದಲ್ಲಿ ಮನುಷ್ಯನ ಪಾಲೂ ಇದೆ. ನೆಲದ ಪಸೆ, ಕುಂಟೆಯ ಅಲಗು, ಹೊಡೆಯುವವನ ಕೈ ಮೂರೂ ಒಂದು ಗಳಿಗೆಯಲ್ಲಿ ಕೂಡಿದರೆ ಹದ. ಅದಕ್ಕೇ ಈ ಪದ ಕೈಕೆಲಸಗಳ ಕಡೆಗೆಲ್ಲ ಹರಿದು ಹೋಯಿತು, ಬೆದೆ ಹೊಲ ಮತ್ತು ಹಟ್ಟಿಯಲ್ಲೇ ಉಳಿಯಿತು.

ಮುಷ್ಟಿಯ ಸಂಗತಿ ಇದು. ಹೊಲ ಹದಕ್ಕೆ ಬಂದಿದೆಯೇ ಎಂದು ನೋಡಲು ರೈತ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತುತ್ತಾನೆ. ಉಂಡೆ ಕಟ್ಟಬೇಕು, ಕೆಳಗೆ ಬಿಟ್ಟರೆ ಪುಡಿಯಾಗಬೇಕು. ಉಂಡೆಯೇ ಆಗದಿದ್ದರೆ ಪಸೆ ಆರಿದೆ, ಬಿದ್ದ ಮೇಲೂ ಉಂಡೆಯಾಗಿಯೇ ಉಳಿದರೆ ಇನ್ನೂ ಹಸಿ. ಈಗ ಅಡುಗೆಮನೆಗೆ ಬನ್ನಿ. ಚಕ್ಕುಲಿಯ ಹಿಟ್ಟಿಗೆ ಕಾದ ಎಣ್ಣೆ ಹಾಕಿ ಕೈಯಾಡಿಸಿದ ಮೇಲೆ ಮನೆಯಾಕೆ ಏನು ಮಾಡುತ್ತಾಳೆ? ಒಂದು ಹಿಡಿ ಹಿಟ್ಟು ತೆಗೆದು ಮುಷ್ಟಿಯಲ್ಲಿ ಒತ್ತುತ್ತಾಳೆ. ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಒಂದೇ ಕೈಚಳಕ, ಒಂದೇ ತೀರ್ಪು, ಎರಡಕ್ಕೂ ಒಂದೇ ಹೆಸರು. ಹೊಲದಲ್ಲಿ ದುಡಿದ ಕೈಯೇ ಸಂಜೆ ಹಿಟ್ಟು ನಾದುವ ನಾಡಿನಲ್ಲಿ ಈ ಪದ ಬೇರೆ ದಾರಿಯಿಂದ ಬಂದಿತೆಂದು ನಂಬುವುದು ಕಷ್ಟ.

ಹುಮನಾಬಾದ್, ಬಸವಕಲ್ಯಾಣದ ಕಡೆಯ ಜೋಳದ ರೊಟ್ಟಿಯಲ್ಲಿ ಈ ಮುಷ್ಟಿ ಇನ್ನೂ ದೊಡ್ಡ ಪರೀಕ್ಷೆ ಎದುರಿಸುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಸುರಿದಾಗ ಒಳಗಿನ ಪಿಷ್ಟ ಬೆಂದು ಜಿಗಿ ಬಿಡುತ್ತದೆ, ಆ ಜಿಗಿಯ ಬಲದಿಂದಲೇ ರೊಟ್ಟಿ ಹರಿಯದೆ ದೊಡ್ಡದಾಗುತ್ತದೆ. ಈ ಸಲದ ಜೋಳವೋ ಹೋದ ಸಲದ್ದೋ, ನಿನ್ನೆ ಬೀಸಿಸಿದ ಹಿಟ್ಟೋ ಹದಿನೈದು ದಿನದ್ದೋ, ಅದರ ಮೇಲೆ ಎಸರಿನ ಪ್ರಮಾಣ ಬದಲಾಗುತ್ತದೆ. ಹಳೆಯ ಹಿಟ್ಟು ಜಿಗಿ ಕಳೆದುಕೊಂಡು ಬಡಿಯುವಾಗ ಅಂಚಿನಲ್ಲಿ ಸೀಳು ಬಿಡುತ್ತದೆ. ‘ಒಂದು ಕಪ್ ಹಿಟ್ಟಿಗೆ ಒಂದು ಕಪ್ ನೀರು’ ಎಂದು ಬರೆದಿಟ್ಟ ಚೀಟಿ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಉಳಿದರ್ಧ ಅಂಗೈಗೆ ಸೇರಿದ್ದು.

ಎಳ್ಳ ಅಮಾವಾಸ್ಯೆಯ ಭಜ್ಜಿಯೂ ಹಾಗೆಯೇ. ಹಸಿ ತೊಗರಿ, ಹಸಿ ಕಡಲೆ, ಅವರೆ, ಹತ್ತಾರು ಬಗೆಯ ಕಾಯಿಪಲ್ಯೆ, ಸೊಪ್ಪು ಎಲ್ಲ ಬೆಂದ ಮೇಲೆ ಕಡಲೆ ಹಿಟ್ಟು ಕಲಸಿದ ನೀರು ಬೀಳುತ್ತದೆ. ಬಿಸಿಯಿರುವಾಗ ತುಸು ತೆಳುವಾಗಿಯೇ ಇಳಿಸಬೇಕು. ಬುತ್ತಿ ಹೊತ್ತು ಹೊಲ ಮುಟ್ಟಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಬಿಚ್ಚಿ ಕೂರುವ ಹೊತ್ತಿಗೆ ಅದು ತಾನೇ ಬಿಗಿಯುತ್ತದೆ. ಒಲೆಯ ಮೇಲೆ ಚೆನ್ನಾಗಿ ಕಂಡದ್ದು ಹೊಲದಲ್ಲಿ ಮುದ್ದೆಯಾಗಿದ್ದರೆ ಅಡುಗೆಯಾಕೆ ಹದ ತಪ್ಪಿದಳು ಎಂದೇ ಲೆಕ್ಕ. ಮುಂದೆ ಏನಾಗಲಿದೆ ಎಂಬ ಅಂದಾಜೂ ಹದದೊಳಗೆ ಸೇರಿದೆ.

ಪಾಕದ ಮಾತಿಗೆ ಅಳತೆಯೂ ಉಂಟು. ಕಬ್ಬಿನ ಹಾಲು ಅಚ್ಚುಬೆಲ್ಲವಾಗಲು ಸುಮಾರು 118 ಡಿಗ್ರಿ ಸೆಲ್ಸಿಯಸ್ ತನಕ ಕಾಯಬೇಕು. ಥರ್ಮಾಮೀಟರು ಇಟ್ಟು ನೋಡುವುದರಲ್ಲಿ ತಪ್ಪೇನೂ ಇಲ್ಲ, ಹೊಸಬರಿಗೆ ಅದು ಒಳ್ಳೆಯ ಊರುಗೋಲು. ಆದರೆ ಅದೇ ಕೆಲಸವನ್ನು ನೀರಿನ ಬಟ್ಟಲಿಗೆ ಬಿಟ್ಟ ಒಂದು ಹನಿ ಮಾಡಿಕೊಡುತ್ತಿತ್ತು. ಹನಿ ಕರಗಿ ಹರಡಿದರೆ ಇನ್ನೂ ಬೇಕು, ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕರೆ ಉಂಡಿಯ ಹದ, ತಟ್ಟೆಗೆ ಬಡಿದಾಗ ಟಣ್ ಎಂದರೆ ಚಿಕ್ಕಿಯ ಹದ. ಒಂದೆಳೆ, ಎರಡೆಳೆ, ಉಂಡೆಪಾಕ ಎಂಬ ಹೆಸರುಗಳೆಲ್ಲ ಬೆರಳ ತುದಿಯಲ್ಲಿ ಹುಟ್ಟಿದವು. ‘ಸ್ಟಿಕಿ ಆಗೋವರೆಗೂ ಬಾಯ್ಲ್ ಮಾಡಿ’ ಎಂಬ ಒಂದು ವಾಕ್ಯ ಈ ಮೂರು ಮೆಟ್ಟಿಲುಗಳನ್ನು ಒಟ್ಟಿಗೆ ನೆಲಸಮ ಮಾಡುತ್ತದೆ. ಅಡುಗೆ ಕಲಿಯುವ ಮಕ್ಕಳಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಬೀದರಿನ ಕುಶಲಕರ್ಮಿಗಳು ಹದವನ್ನು ನಾಲಿಗೆಯಿಂದಲೂ ನೋಡುತ್ತಾರೆ. ಬಿದ್ರಿ ಪಾತ್ರೆಯಲ್ಲಿ ಬಹುಪಾಲು ಸತು, 16 ಪಾಲಿಗೆ 1 ಪಾಲಿನಷ್ಟು ತಾಮ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಎರಕ ಹೊಯ್ದು, ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ತಾರ ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿದು ಮತ್ತೆ ಉಜ್ಜುತ್ತಾರೆ. ಕೊನೆಗೆ ಪಾತ್ರೆಯನ್ನು ಬಿಸಿ ಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರನ್ನು ಹಚ್ಚುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಲ್ಲ ಮಣ್ಣೂ ಈ ಕೆಲಸಕ್ಕೆ ಆಗದು. ಅನುಭವಿಗಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುತ್ತಾರೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಹೊಲದಲ್ಲಿ ಮಣ್ಣಿನ ಹದ ನೋಡುವ ಮುಷ್ಟಿ, ಸಾರಿನ ಉಪ್ಪು ಹದವೇ ಎಂದು ನೋಡುವ ನಾಲಿಗೆ, ಎರಡೂ ಸೇರುವುದು ಈ ಕಲೆಯಲ್ಲಿ.

ಬಸವಕಲ್ಯಾಣದಲ್ಲಿ ಹದದ ಮಾತು ಎತ್ತಿದರೆ ಹರಳಯ್ಯನನ್ನು ನೆನೆಯದೆ ಮುಂದೆ ಹೋಗಲಾಗದು. ಬಸವಣ್ಣನು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಮಾಡಿದ್ದಕ್ಕೆ ಋಣಿಯಾದ ಹರಳಯ್ಯ–ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಆತನಿಗೆ ಪಾದರಕ್ಷೆ ಮಾಡಿದರು ಎಂಬ ಐತಿಹ್ಯ ಈ ಸೀಮೆಯ ಮನೆಮನೆಗೂ ಗೊತ್ತು. ತೊಗಲಿನ ಕೆಲಸವನ್ನು ಕನ್ನಡ ಕರೆದದ್ದೇ ‘ಹದ ಮಾಡುವುದು’ ಎಂದು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ಗಿಡದ ತೊಗಟೆಯ ಒಗರು ನೀರಿನಲ್ಲಿ ದಿನಗಟ್ಟಲೆ ಇಟ್ಟು, ಕೊಳೆಯಬೇಕಾದ ವಸ್ತುವನ್ನು ವರ್ಷಗಟ್ಟಲೆ ಬಾಳುವಂತೆ ಮಾಡುವ ಆ ವಿದ್ಯೆಗೆ ಇಂಥ ಗೌರವದ ಹೆಸರು ಕೊಟ್ಟ ಭಾಷೆ, ಮಾಡಿದವರನ್ನು ಮಾತ್ರ ಊರ ಹೊರಗಿಟ್ಟ ಸಮಾಜದ ಬಾಯಲ್ಲೇ ಇತ್ತು. ಪದದ ಚರಿತ್ರೆ ಬರೆಯುವಾಗ ಇದನ್ನೂ ಬರೆಯಲೇಬೇಕು.

ಕೌದಿ ಹೊಲಿಯುವ ಹೆಣ್ಣುಮಕ್ಕಳಲ್ಲೂ ಈ ಪದ ಉಳಿದಿದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ಒಳಮುಖವಾಗಿ ಹೊಲಿದು ಬರುವಾಗ ದಾರವನ್ನು ಹದವಾಗಿ ಜಗ್ಗಬೇಕು. ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟಿ ನಡುವೆ ಉಬ್ಬುತ್ತದೆ, ಸಡಿಲಾದರೆ ಒಗೆಯುವಾಗ ಪದರ ಜಾರುತ್ತವೆ. ಬಿಡುವಿನ ಹೊತ್ತಿನ ಇಂಥ ಕೆಲಸಕ್ಕೆ ಈಗ ‘ಕ್ರಾಫ್ಟ್’ ಎಂಬ ಹೆಸರು ಬಂದು ನಗರಗಳಲ್ಲಿ ಬೆಲೆಯೂ ಬಂದಿದೆ. ಬೆಲೆ ಬರಲಿ. ಅದರ ಜತೆಗೆ ಹೊಲಿಯುವವರ ಮಾತೂ ನಗರಕ್ಕೆ ಹೋಗಲಿ.

ಆದ್ದರಿಂದ ಎರಡು ಕೋರಿಕೆ. ಸುದ್ದಿಮನೆಯ ಗೆಳೆಯರು ‘ಹದಗೆಟ್ಟಿದೆ’ ಎಂದು ಬರೆದ ಕಡೆ, ಅದು ಸರಿಹೋದ ದಿನ ‘ಹದಕ್ಕೆ ಬಂದಿದೆ’ ಎಂದೂ ಬರೆಯಲಿ. ಓದುಗರು ತಮ್ಮ ಅವ್ವ, ಆಯಿ, ಅತ್ತೆಯರು ಹಿಟ್ಟು, ಪಾಕ, ಉಪ್ಪಿನಕಾಯಿ, ಹಪ್ಪಳ, ದಾರ, ಮಣ್ಣು ಇವುಗಳ ಹದವನ್ನು ಹೇಗೆ ನೋಡುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸಬೇಕು. ಊರ ಹೆಸರು ಸೇರಿಸುವುದನ್ನು ಮರೆಯಬೇಡಿ. ಹುಮನಾಬಾದಿನಲ್ಲಿ ಹೇಳುವ ಮಾತು ಬಸವಕಲ್ಯಾಣದಲ್ಲಿ ಬೇರೆಯಾಗಿರಬಹುದು.