ಪಾಸ್‌ಪೋರ್ಟ್ ಕಿತ್ತುಕೊಂಡರು, ಫೋನಿನಲ್ಲಿ ಹಾಡಿದ

ಏಪ್ರಿಲ್ ಬಂತು ಅಂದ್ರೆ ನಮ್ಮವರಿಗೆ ಪುರುಸೊತ್ತಿರಲ್ಲ. 11ಕ್ಕೆ ಫುಲೆ, 14ಕ್ಕೆ ಬಾಬಾಸಾಹೇಬರು. ಚಂದಾ ಎತ್ತೋದು, ಬ್ಯಾನರ್ ಬರೆಸೋದು, ಮೆರವಣಿಗೆಗೆ ಪರ್ಮಿಷನ್ ಅಂತ ಸ್ಟೇಷನ್ ಮೆಟ್ಟಿಲು ಹತ್ತಿ ಇಳಿಯೋದು. ಇದರ ನಡುವೆ 9ನೇ ತಾರೀಕು ಯಾರ ಗಮನಕ್ಕೂ ಬರದೆ ಜಾರಿಹೋಗುತ್ತೆ. ಅವತ್ತು ಪಾಲ್ ರೋಬ್ಸನ್ ಹುಟ್ಟಿದ ದಿನ. ಹುಟ್ಟಿದ್ದು 1898ರಲ್ಲಿ, ಬಾಬಾಸಾಹೇಬರಿಗಿಂತ ಏಳು ವರ್ಷ ಚಿಕ್ಕವನು. (ಏಕವಚನ ಪ್ರೀತಿಗೆ, ಯಾರೂ ತಪ್ಪು ತಿಳೀಬೇಡಿ.)

ಈ ಸಲ ಅವನ ಬಗ್ಗೆ ಬರೀಲೇಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ನಮ್ಮ ಸಂಘಟನೆಯ ಒಬ್ಬ ಹುಡುಗಿ, ನನಗೆ ತಂಗಿ ಇದ್ದಂಗೆ. ಹೊರದೇಶದ ಒಂದು ವಿಶ್ವವಿದ್ಯಾಲಯದಿಂದ ಜಾತಿ ಕುರಿತು ಮಾತಾಡೋಕೆ ಅವಳಿಗೆ ಕರೆ ಬಂದಿತ್ತು. ಅವರ ಮನೆಯಲ್ಲಿ ವಿಮಾನ ಹತ್ತೋ ಮೊದಲನೇ ಜೀವ ಆಗ್ತಿದ್ದಳು. ಆದರೆ ಮೂರು ವರ್ಷದ ಹಿಂದೆ ಸ್ಮಶಾನದ ಜಾಗಕ್ಕಾಗಿ ಹೆಣ ರಸ್ತೆಯಲ್ಲಿಟ್ಟು ಕೂತಿದ್ವಲ್ಲ, ಆ ಕೇಸು ಇನ್ನೂ ಹಾಗೇ ಇದೆ. ವೆರಿಫಿಕೇಶನ್ನಿಗೆ ಬಂದೋರು ಅದನ್ನು ಬರಕೊಂಡು ಹೋದರು. ಪಾಸ್‌ಪೋರ್ಟ್ ಅಲ್ಲೇ ನಿಂತುಹೋಯ್ತು. ಕೊನೆಗೆ ಸಂಘದ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಮೂರು ಮೊಬೈಲಿನ ಹಾಟ್‌ಸ್ಪಾಟ್ ಕೈಕೊಟ್ಟು ನಾಲ್ಕನೆಯದರಲ್ಲಿ ಮಾತಾಡಿದಳು. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, "ಗೋಡೆಗೆ ಮಾತಾಡಿದಂಗಾಯ್ತಣ್ಣ, ಇದೂ ಒಂದು ಭಾಷಣನಾ" ಅಂತ ಅತ್ತುಬಿಟ್ಟಳು. ಅವತ್ತು ಅವಳಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ರೋಬ್ಸನ್ನನ ಅಪ್ಪ ಹುಟ್ಟಿನಿಂದ ಗುಲಾಮ. ಹದಿನೈದನೇ ವಯಸ್ಸಿಗೆ ನಾರ್ತ್ ಕೆರೋಲಿನಾದ ತೋಟದಿಂದ ತಪ್ಪಿಸಿಕೊಂಡು ಓಡಿಹೋಗಿ, ಓದಿ, ಪಾದ್ರಿಯಾದವನು. ಮಗ ಸ್ಕಾಲರ್‌ಶಿಪ್ಪಿನಲ್ಲಿ ರಟ್ಗರ್ಸ್ ಕಾಲೇಜು ಸೇರಿದ, ಫುಟ್‌ಬಾಲಿನಲ್ಲಿ ದೇಶಕ್ಕೇ ಹೆಸರಾದ, ಆಮೇಲೆ ಕೊಲಂಬಿಯಾದಲ್ಲಿ ಕಾನೂನು ಓದಿದ. ಹೌದು, ಅದೇ ಕೊಲಂಬಿಯಾ. ಬಾಬಾಸಾಹೇಬರು ಅಲ್ಲಿಗೆ ಹೋದದ್ದು 1913ರಲ್ಲಿ, ಬಿಟ್ಟದ್ದು 1916ರಲ್ಲಿ. ರೋಬ್ಸನ್ ಕಾನೂನು ಪದವಿ ಪಡೆದದ್ದು 1923ರಲ್ಲಿ. ಒಂದೇ ಮೆಟ್ಟಿಲು, ಬೇರೆ ಬೇರೆ ವರ್ಷ. ಓದು ಮುಗಿದ ಮೇಲೆ ಆಗಿದ್ದು ನೋಡಿ. ಬರೋಡಾದ ಕಚೇರಿಯಲ್ಲಿ ಜವಾನರು ಬಾಬಾಸಾಹೇಬರ ಮೇಜಿಗೆ ಫೈಲುಗಳನ್ನು ದೂರದಿಂದ ಎಸೀತಿದ್ದರು ಅನ್ನೋದು ನಮ್ಮ ಮಕ್ಕಳಿಗೂ ಗೊತ್ತು. ನ್ಯೂಯಾರ್ಕಿನ ವಕೀಲರ ಕಚೇರಿಯಲ್ಲಿ ರೋಬ್ಸನ್ ಹೇಳಿದ್ದನ್ನು ಬರೆದುಕೊಳ್ಳಲ್ಲ ಅಂತ ಬಿಳಿ ಸ್ಟೆನೋಗ್ರಾಫರ್ ಎದ್ದುಹೋದಳು. ಕಪ್ಪು ಮನುಷ್ಯನ ಬಾಯಿಂದ ಬಂದ ಮಾತು ತನ್ನ ಪೆನ್ಸಿಲ್ಲಿಗೂ ತಾಗಬಾರದು! ಅವನು ವಕೀಲಿಕೆಯನ್ನೇ ಬಿಟ್ಟ. ಹಾಡಿಗೆ, ನಾಟಕಕ್ಕೆ ಬಂದ. ಲಂಡನ್ನಿನಲ್ಲಿ, ಆಮೇಲೆ ಬ್ರಾಡ್‌ವೇಯಲ್ಲಿ ಒಥೆಲೊ ಆದ. ಗುಲಾಮರು ಹೊಲದಲ್ಲಿ ಹಾಡ್ತಿದ್ದ ಹಾಡುಗಳನ್ನು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ, ಯಾವ ನಾಚಿಕೇನೂ ಇಲ್ಲದೆ, ಭೂಮಿಯೊಳಗಿಂದ ಬಂದಂಥ ಆ ದನಿಯಲ್ಲಿ ಹಾಡಿದ.

ಲಂಡನ್ನಿನಲ್ಲಿ ವಾಸ ಇದ್ದಾಗ, 1929ರ ಸುಮಾರು, ಬೀದಿಯಲ್ಲಿ ಹಾಡು ಕೇಳಿಸ್ತು. ವೇಲ್ಸ್‌ನ ರೊಂಡಾ ಕಣಿವೆಯ ಕಲ್ಲಿದ್ದಲು ಗಣಿ ಕಾರ್ಮಿಕರು. ಕೆಲಸ ಕಳಕೊಂಡು, ಹಸಿವು ಹೇಳಿಕೊಳ್ಳೋಕೆ ಊರಿಂದ ನಡೆದುಕೊಂಡೇ ಬಂದಿದ್ದರು. ರೋಬ್ಸನ್ ಅವರ ಸಾಲಿಗೆ ಸೇರಿ ನಡೆದ, ಅವರಿಗಾಗಿ ಹಾಡಿದ, ರೈಲಿನಲ್ಲಿ ಊರಿಗೆ ಹೋಗೋಕೆ ದುಡ್ಡು ಕೊಟ್ಟ. ಅಲ್ಲಿಂದ ಶುರುವಾದ ನೆಂಟಸ್ತಿಕೆ ಅದು. 1938ರಲ್ಲಿ ಸ್ಪೇನಿನ ಯುದ್ಧದಲ್ಲಿ ಸತ್ತ ವೇಲ್ಸ್ ಹುಡುಗರ ನೆನಪಿನ ಸಭೆಗೆ ಹೋಗಿ ಹಾಡಿದ. ಆಮೇಲೆ 'ದ ಪ್ರೌಡ್ ವ್ಯಾಲಿ' ಸಿನಿಮಾದಲ್ಲಿ ಗಣಿ ಕೆಲಸಗಾರನೇ ಆದ. ಗಣಿಯೊಳಗೆ ಇಳಿದೋರ ಮುಖ ಎಲ್ಲಾರದ್ದೂ ಕರಿಯೇ ಅಲ್ವಾ? ಕೆಜಿಎಫ್ ಕಡೆಯವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚಿನ್ನ ತೆಗೆಯೋಕೆ ಕೆಳಗಿಳಿದೋರಲ್ಲಿ ಬಹುಪಾಲು ನಮ್ಮವರೇ. ಒಂದೇ ವ್ಯತ್ಯಾಸ: ಅಲ್ಲಿ ಸ್ನಾನ ಮಾಡಿದರೆ ಕಪ್ಪು ಹೋಗುತ್ತೆ.

ಎರಡನೇ ಮಹಾಯುದ್ಧ ಮುಗೀತಿದ್ದಂಗೆ ಅಮೆರಿಕದ ಗಾಳಿ ಬದಲಾಯ್ತು. ರಷ್ಯಾವನ್ನು ಹೊಗಳಿದೋರು, ಕೂಲಿ ಕೇಳಿದೋರು, ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲೋದನ್ನು ನಿಲ್ಲಿಸಿ ಅಂದೋರು, ಎಲ್ಲರೂ ದೇಶದ್ರೋಹಿಗಳಾದರು. (ಪದ ಎಲ್ಲೋ ಕೇಳಿದಂಗಿದೆಯಾ?) 1949ರಲ್ಲಿ ಪೀಕ್‌ಸ್ಕಿಲ್‌ನಲ್ಲಿ ಅವನ ಹಾಡು ಕೇಳೋಕೆ ಬಂದೋರ ಮೇಲೆ ಗುಂಪುಗಳು ಕಲ್ಲು ತೂರಿದವು. 1950ರಲ್ಲಿ ಸರ್ಕಾರ ಅವನ ಪಾಸ್‌ಪೋರ್ಟ್ ರದ್ದು ಮಾಡ್ತು. ದೇಶದೊಳಗೆ ಸಭಾಂಗಣ ಸಿಗಲ್ಲ, ಹೊರಗೆ ಹೋಗೋಂಗಿಲ್ಲ. ಲಕ್ಷಗಟ್ಟಲೆ ದುಡೀತಿದ್ದ ಗಾಯಕನ ಆದಾಯ ಪಾತಾಳಕ್ಕೆ ಇಳೀತು.

ಕೋರ್ಟಿನಲ್ಲಿ ಸರ್ಕಾರದ ಕಡೆಯೋರು ಕೊಟ್ಟ ಕಾರಣಗಳಲ್ಲಿ ಒಂದು ನನ್ನ ತಲೆಯಿಂದ ಹೋಗೋದೇ ಇಲ್ಲ. ಇವನು ಹೊರದೇಶಗಳಿಗೆ ಹೋಗಿ ಕಪ್ಪು ಜನರನ್ನು ಇಲ್ಲಿ ಹೇಗೆ ನಡೆಸಿಕೊಳ್ತಾರೆ ಅಂತ ಹೇಳ್ತಾನೆ, ಅದು ನಮ್ಮ ಮನೆ ವಿಷಯ, ಹೊರಗಿನೋರ ಮುಂದೆ ಹೇಳಬಾರದು ಅನ್ನೋ ಧಾಟಿಯ ಮಾತು. ಮನೆ ವಿಷಯ! 2001ರಲ್ಲಿ ಡರ್ಬನ್‌ನಲ್ಲಿ ಜನಾಂಗ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, ಜಾತಿಯನ್ನೂ ಸೇರಿಸಿ ಅಂತ ನಮ್ಮವರು ದೇಶದ ಮೂಲೆಮೂಲೆಯಿಂದ ಹೋಗಿ ಕೂಗಿದರು. ಭಾರತ ಸರ್ಕಾರ ಏನು ಹೇಳ್ತು? ಜಾತಿ ಅನ್ನೋದು ಜನಾಂಗ ಅಲ್ಲ, ಅದು ನಮ್ಮ ಆಂತರಿಕ ವಿಷಯ. ಮನೆಯೊಳಗೆ ಬಿಟ್ಟುಕೊಳ್ಳದೋರು, ಹೊರಗೆ ಮಾತಾಡಿದ ತಕ್ಷಣ ನಮ್ಮನ್ನು ಮನೆಯೋರನ್ನಾಗಿ ಮಾಡ್ಕೊಳ್ತಾರೆ.

ಸರಿ, ಫೋನಿಗೆ ಬರೋಣ.

1952ರ ಆರಂಭದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಗಣಿ ಮತ್ತು ಲೋಹ ಕಾರ್ಮಿಕರ ಯೂನಿಯನ್ ಸಮ್ಮೇಳನ ಇತ್ತು, ರೋಬ್ಸನ್ನನ್ನು ಕರೆದಿದ್ದರು. ಆಗ ಅಮೆರಿಕದೋರು ಕೆನಡಾಕ್ಕೆ ಹೋಗೋಕೆ ಪಾಸ್‌ಪೋರ್ಟೇ ಬೇಕಿರಲಿಲ್ಲ. ಆದರೂ ಗಡಿಯಲ್ಲಿ ತಡೆದರು. ದಾಟಿದರೆ ಜೈಲು ಅಂದರು. ಅವನು ಸಿಯಾಟಲ್‌ಗೆ ವಾಪಸ್ ಹೋಗಿ ಟೆಲಿಫೋನ್ ಎತ್ತಿಕೊಂಡ. ಅತ್ತ ವ್ಯಾಂಕೂವರ್‌ನಲ್ಲಿ ಫೋನ್ ತಂತಿಯನ್ನು ಸಭೆಯ ಮೈಕಿಗೆ ಜೋಡಿಸಿದ್ದರು. ಫೋನಿನಲ್ಲೇ ಮಾತಾಡಿದ, ಫೋನಿನಲ್ಲೇ ಹಾಡಿದ. ಅಷ್ಟಕ್ಕೇ ಆ ಕಾರ್ಮಿಕರು ಸುಮ್ಮನಾಗಲಿಲ್ಲ. ಅದೇ ವರ್ಷ ಮೇ 18ಕ್ಕೆ ಎರಡೂ ದೇಶದ ಗಡಿಯಲ್ಲಿರೋ ಪೀಸ್ ಆರ್ಚ್ ಹತ್ತಿರ ಒಂದು ಲಾರಿಯನ್ನು ಅಮೆರಿಕದ ಕಡೆ ಗೆರೆಗೆ ಅಂಟಿದಂಗೆ ನಿಲ್ಲಿಸಿ ಅದರ ಮೇಲೆ ಅವನನ್ನು ಹತ್ತಿಸಿದರು. ಆಚೆ ಕೆನಡಾದ ನೆಲದಲ್ಲಿ ಹತ್ತಾರು ಸಾವಿರ ಜನ ಕೂತು ಕೇಳಿದರು. ಗುಡಿಯ ಹೊಸಿಲಾಚೆ ನಿಂತು ತಮಟೆ ಬಾರಿಸಿದೋರ ಮಕ್ಕಳು ನಾವು, ಗೆರೆ ದಾಟದೆ ಸದ್ದು ದಾಟಿಸೋದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ವ್ಯಾಂಕೂವರ್ ಅಂದ್ರೆ ನೆಲದ ಮೇಲಿನ ತಂತಿ. ಅಟ್ಲಾಂಟಿಕ್ ದಾಟಿ ಲಂಡನ್ನಿಗೆ ಫೋನಿನಲ್ಲಿ ಹಾಡೋದು? 1927ರಿಂದಲೇ ನ್ಯೂಯಾರ್ಕ್–ಲಂಡನ್ ನಡುವೆ ಫೋನ್ ಇತ್ತು, ಆದರೆ ಅದು ರೇಡಿಯೋ ಅಲೆಗಳ ಮೇಲೆ ಹೋಗ್ತಿತ್ತು. (ನಮ್ಮ ಬೊಂಬಾಯಿಗೂ ಲಂಡನ್ನಿಗೂ ಇದೇ ಥರದ ಸೇವೆ 1933ರಲ್ಲಿ ಬಂತು.) ಹವಾಮಾನ ಕೆಟ್ಟರೆ ದನಿ ಮುಳುಗೋದು, ತೇಲೋದು. ಮಾತು ಹೇಗೋ ತಿಳ್ಕೋಬಹುದು, ಹಾಡು ಆಗಲ್ಲ. 1956ರ ಸೆಪ್ಟೆಂಬರ್ 25ಕ್ಕೆ ಟ್ಯಾಟ್-1 ಅನ್ನೋ ಕೇಬಲ್ ಶುರುವಾಯ್ತು. ಸಮುದ್ರದ ತಳದಲ್ಲಿ ಮಲಗಿಸಿ ಅಟ್ಲಾಂಟಿಕ್ಕಿನ ಆ ದಡಕ್ಕೂ ಈ ದಡಕ್ಕೂ ಜೋಡಿಸಿದ ಮೊದಲ ಟೆಲಿಫೋನ್ ಕೇಬಲ್. ಸ್ಕಾಟ್ಲೆಂಡಿನ ಓಬನ್‌ನಿಂದ ನ್ಯೂಫೌಂಡ್‌ಲ್ಯಾಂಡಿನ ಕ್ಲಾರೆನ್‌ವಿಲ್‌ವರೆಗೆ. ಹೋಗೋಕೆ ಒಂದು ಕೇಬಲ್, ಬರೋಕೆ ಇನ್ನೊಂದು. ದಾರಿಯಲ್ಲಿ ದನಿ ಸೊರಗುತ್ತಲ್ಲ, ಅದಕ್ಕೆ ಒಂದೊಂದು ಕೇಬಲ್ಲಿನಲ್ಲೂ 51 ಕಡೆ ರಿಪೀಟರ್ ಅನ್ನೋ ಯಂತ್ರ, ಕುಗ್ಗಿದ ಸದ್ದನ್ನು ಹಿಗ್ಗಿಸಿ ಮುಂದಕ್ಕೆ ದಾಟಿಸೋಕೆ. ಇಷ್ಟೆಲ್ಲ ಸೇರಿ ಒಂದು ಸಲಕ್ಕೆ ಮೂವತ್ತೈದು ಚಿಲ್ಲರೆ ಕರೆ ಮಾತ್ರ. ಕೇಬಲ್ ಕ್ಲಾರೆನ್‌ವಿಲ್‌ನಿಂದ ಮುಂದಕ್ಕೆ ಸಿಡ್ನಿ ಮೈನ್ಸ್ ಅನ್ನೋ ಊರಿಗೆ ಹೋಗ್ತಿತ್ತು, ಅದೂ ಕಲ್ಲಿದ್ದಲು ಗಣಿಯ ಊರೇ. ಕೇಬಲ್ ಶುರುವಾದ 19ನೇ ದಿನಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನ ಕಡೆ ನಡೆದರು. ಎರಡಕ್ಕೂ ಸಂಬಂಧ ಇಲ್ಲ, ತಾರೀಕು ನೋಡಿದಾಗ ಮೈ ಜುಂ ಅಂದಿದ್ದಕ್ಕೆ ಬರೆದೆ.

ಲಂಡನ್ನಿನಲ್ಲಿ ರೋಬ್ಸನ್ ಪರವಾಗಿ ಹೋರಾಡ್ತಿದ್ದೋರು ಈ ಕೇಬಲ್ ಕಂಡ ಕೂಡಲೇ ದಾರಿ ಹುಡುಕಿದರು. ಮೈಗೆ ಪಾಸ್‌ಪೋರ್ಟ್ ಬೇಕು, ಫೋನ್ ಕರೆಗೆ ಯಾವ ಕಾನೂನಿನಲ್ಲಿ ಪಾಸ್‌ಪೋರ್ಟ್ ಕೇಳ್ತಾರೆ? 1957ರ ಮೇ 26ಕ್ಕೆ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್ ತುಂಬಿತು. ಸುಮಾರು ಸಾವಿರ ಜನ. ವೇದಿಕೆಯ ಮೇಲೆ ಅವನ ದೊಡ್ಡ ಫೋಟೋ, ಮನುಷ್ಯ ಇಲ್ಲ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅವನು ಬಾಯಿ ತೆರೆದ, ಲಂಡನ್ನಿನ ಸ್ಪೀಕರ್‌ಗಳಲ್ಲಿ ದನಿ ಬಂತು.

ಅದೇ ವರ್ಷ ಅಕ್ಟೋಬರ್ 5, ಶನಿವಾರ. ಹಿಂದಿನ ದಿನವಷ್ಟೇ ರಷ್ಯಾದೋರು ಸ್ಪುಟ್ನಿಕ್ ಹಾರಿಸಿದ್ದರು, ಜಗತ್ತೆಲ್ಲ ಆಕಾಶ ನೋಡ್ತಿತ್ತು. ವೇಲ್ಸ್‌ನ ಪೋರ್ತ್‌ಕಾಲ್ ಅನ್ನೋ ಕಡಲೂರಿನಲ್ಲಿ ಸುಮಾರು ಐದು ಸಾವಿರ ಜನ ಸಮುದ್ರದಡಿಯಿಂದ ಬರೋ ದನಿಗೆ ಕಾದು ಕೂತಿದ್ದರು. ಗಣಿ ಕಾರ್ಮಿಕರದ್ದೇ ಹಾಡಿನ ಜಾತ್ರೆ ಅದು, ಐಸ್ಟೆಡ್‌ವಡ್ ಅಂತಾರೆ. ಯೂನಿಯನ್ ಅಧ್ಯಕ್ಷ ವಿಲ್ ಪೇಂಟರ್ ಫೋನಿನಲ್ಲೇ ಸ್ವಾಗತ ಮಾಡಿದ, ನಿನ್ನ ಪಾಸ್‌ಪೋರ್ಟ್ ವಾಪಸ್ ಬರೋತನಕ ನಾವು ಬಿಡಲ್ಲ ಅನ್ನೋ ಅರ್ಥದ ಮಾತಾಡಿದ. ಆಮೇಲೆ ರೋಬ್ಸನ್ ಹಾಡಿದ. ಸಿಂಹದ ಗವಿಯಿಂದ ಪಾರಾದ ಡೇನಿಯಲ್ ಬಗ್ಗೆ ಗುಲಾಮರು ಕಟ್ಟಿದ ಹಾಡು. ವೇಲ್ಸ್‌ನೋರದ್ದೇ ಒಂದು ಜೋಗುಳದಂಥ ಹಾಡು. ನಡುವೆ ಟ್ರಿಯೋರ್ಕಿಯ ಗಂಡಸರ ಮೇಳ ಅವನಿಗಾಗಿ ಹಾಡ್ತು. ಕೊನೆಗೆ ಐದು ಸಾವಿರ ಜನ ಎದ್ದು, ನೀನು ಬಂದಾಗ ನಿನಗೆ ಸ್ವಾಗತ ಕಾದಿರುತ್ತೆ ಅನ್ನೋ ತಮ್ಮ ನಾಡಿನ ಹಾಡನ್ನು ಅವನಿಗೆ ಹಾಡಿ ಕಳಿಸಿದರು. ಬರೋಕೆ ಇನ್ನೊಂದು ಕೇಬಲ್ ಇತ್ತಲ್ಲ, ಅದರಲ್ಲಿ.

ನಾನು ಈ ರೆಕಾರ್ಡಿಂಗನ್ನು ಮೊದಲು ಕೇಳಿದಾಗ ನೆನಪಾಗಿದ್ದು ನಮ್ಮವ್ವ. ಅಕ್ಕ ಮನೆಕೆಲಸಕ್ಕೆ ಕುವೈತಿಗೆ ಹೋಗಿದ್ದಳು. ತಿಂಗಳಿಗೊಂದು ಭಾನುವಾರ ರಾಬರ್ಟ್‌ಸನ್‌ಪೇಟೆಯ ಎಸ್‌ಟಿಡಿ ಬೂತಿಗೆ ಹೋಗ್ತಿದ್ವಿ. ಗಾಜಿನ ಡಬ್ಬಿಯೊಳಗೆ ಅವ್ವ, ತಲೆಯ ಮೇಲೆ ಓಡೋ ಕೆಂಪು ಅಂಕಿ. ಅಕ್ಕನ ಕೈಯಿಂದಲೂ ಅವಳ ಯಜಮಾನರು ಪಾಸ್‌ಪೋರ್ಟ್ ಇಸಕೊಂಡಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ಎಷ್ಟೋ ಆದಮೇಲೆ. ಅವ್ವ ಕೇಳ್ತಿದ್ದುದು ಒಂದೇ, "ಊಟ ಆಯ್ತೇನವ್ವಾ?" ಅಷ್ಟು ಕೇಳಿ ಸುಮ್ಮನೆ ರಿಸೀವರ್ ಹಿಡಿದು ನಿಂತಿರೋಳು. ದುಡ್ಡು ಓಡ್ತಾ ಇರೋದು, ನಾನು ಗಾಜು ಬಡೀತಿದ್ದೆ, ಮಾತಾಡವ್ವಾ ಅಂತ. ಆಕಡೆ ಅಕ್ಕ ಉಸಿರಾಡೋದು ಕೇಳಿಸ್ತಿತ್ತಂತೆ, ಅಷ್ಟೇ ಸಾಕಾಗಿತ್ತಂತೆ.

ಒಂದು ಮಾತು ಮುಚ್ಚಿಡಬಾರದು. ರೋಬ್ಸನ್ ಸ್ಟಾಲಿನ್ನನ ಕ್ರೌರ್ಯದ ಬಗ್ಗೆ ಬಹಿರಂಗವಾಗಿ ಬಾಯಿ ಬಿಡಲಿಲ್ಲ. 1949ರಲ್ಲಿ ಮಾಸ್ಕೋದಲ್ಲಿ ಯಹೂದಿ ಗೆಳೆಯರಿಗಾಗಿ ಅವರ ಭಾಷೆಯಲ್ಲಿ ಹಾಡಿದ ನಿಜ, ಆದರೆ ಅಮೆರಿಕಕ್ಕೆ ಬಂದು ಆಡಬೇಕಾದ ಮಾತು ಆಡಲಿಲ್ಲ. ಶತ್ರುವಿನ ಕೈಗೆ ಕೋಲು ಕೊಡಬಾರದು ಅಂತ ಇರಬಹುದು. ಬಾಬಾಸಾಹೇಬರನ್ನು ಓದಿದೋರು ನಾವು, ಇದನ್ನು ತಪ್ಪು ಅಂತಲೇ ಅನ್ನಬೇಕು. ಅಂದು, ಹಾಡೂ ಕೇಳಬೇಕು.

1958ರ ಏಪ್ರಿಲ್‌ನಲ್ಲಿ ಅವನಿಗೆ ಅರವತ್ತು ತುಂಬಿದಾಗ ನಮ್ಮ ದೇಶದಲ್ಲೂ ಆಚರಿಸಿದರು. ನೆಹರೂ ಸ್ವತಃ ಹೇಳಿಕೆ ಕೊಟ್ಟರು, ಅಮೆರಿಕದ ರಾಯಭಾರ ಕಚೇರಿಗೆ ಇರುಸುಮುರುಸಾಯ್ತು. ಒಳ್ಳೇದೇ. ಆದರೆ ಬಾಬಾಸಾಹೇಬರು ಅದೇ ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಏಳು ವರ್ಷ ಆಗಲಿತ್ತು, ತೀರಿಕೊಂಡು ಒಂದೂವರೆ ವರ್ಷವೂ ಆಗಿರಲಿಲ್ಲ. ದೂರದ ಊರಿನ ಕೇರಿಗೆ ಮರುಗೋದು ಯಾವಾಗಲೂ ಸಲೀಸು.

ಆ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಚಿತ್ರಕಾರ ರಾಕ್‌ವೆಲ್ ಕೆಂಟ್ ಹಾಕಿದ್ದ ಕೇಸಿನಲ್ಲಿ, ಒಬ್ಬ ಮನುಷ್ಯನ ರಾಜಕೀಯ ನಂಬಿಕೆ ನೋಡಿ ಪಾಸ್‌ಪೋರ್ಟ್ ನಿರಾಕರಿಸೋ ಅಧಿಕಾರ ಸರ್ಕಾರಕ್ಕಿಲ್ಲ ಅಂತು. ಐದಕ್ಕೆ ನಾಲ್ಕು, ಒಂದೇ ಓಟಿನ ಅಂತರ. ರೋಬ್ಸನ್ನಿಗೆ ಎಂಟು ವರ್ಷದ ಮೇಲೆ ಪಾಸ್‌ಪೋರ್ಟ್ ಬಂತು. ಜುಲೈನಲ್ಲಿ ಲಂಡನ್ನಿಗೆ ಹಾರಿದ. ಆಗಸ್ಟಿನಲ್ಲಿ ವೇಲ್ಸ್‌ನ ಎಬ್ಬು ವೇಲ್‌ನಲ್ಲಿ, ಈ ಸಲ ಫೋಟೋ ಅಲ್ಲ, ಆರಡಿ ಮೂರಂಗುಲದ ಮನುಷ್ಯನೇ ವೇದಿಕೆ ಮೇಲೆ ನಿಂತಿದ್ದ.

ತಂಗಿಗೆ ಇಷ್ಟು ಹೇಳಿ ಪೋರ್ತ್‌ಕಾಲ್ ರೆಕಾರ್ಡಿಂಗ್ ಹಾಕಿದೆ. ಪೂರ್ತಿ ಕೇಳಿದಳು. "ಇವನಿಗಾದ್ರೂ ವಾಪಸ್ ಹಾಡಿದರು. ನನಗೆ ಮ್ಯೂಟ್‌ನಲ್ಲಿ ಚಪ್ಪಾಳೆ ತಟ್ಟಿದರು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಕೇಸಿನ ಮುಂದಿನ ತಾರೀಕು ಜೂನ್‌ನಲ್ಲಿದೆ. ಜಾಮೀನಿಗೆ ನಿಂತೋರೆಲ್ಲ ಕೋರ್ಟ್ ಹತ್ತಿರ ಬರಬೇಕು, ಗಂಟೆ ಗ್ರೂಪಿನಲ್ಲಿ ಹಾಕ್ತೀನಿ.

9ಕ್ಕೆ ಸಂಜೆ ಸಂಘದ ರೂಮಿನಲ್ಲಿ ಈ ಹಾಡುಗಳನ್ನು ಎಲ್ಲರಿಗೂ ಕೇಳಿಸ್ತೀವಿ. ಒಳ್ಳೆ ಸ್ಪೀಕರ್ ಇರೋರು ದಯವಿಟ್ಟು ತನ್ನಿ, ನಮ್ಮದು ಹೋದ ಸಲದ ಮೆರವಣಿಗೆಯಲ್ಲಿ ಒಡೆದುಹೋಯ್ತು.

ಜೈಭೀಮ್.